ಮನೆಯ ಕಾರಿಗೊಂದು ಕೀರ್ದಿ

ಒಂದು ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆತನದ ಅಚ್ಚುಕಟ್ಟುತನವನ್ನು ಅಂಗಳದಲ್ಲಿ ನಿಂತ ಚಕ್ಕಡಿಯೇ ಹೇಳುತ್ತಿತ್ತು. ಅಚ್ಚಿಗೆ ಹೊತ್ತುಹೊತ್ತಿಗೆ ಕೀಲೆಣ್ಣೆ ಹಾಕುವ, ಗಾಲಿಯ ಹಳಿ ಸಡಿಲಾದೊಡನೆ ಕಮ್ಮಾರನಲ್ಲಿ ಬಿಗಿಸಿಕೊಳ್ಳುವ ಒಕ್ಕಲುತನದ ಮನೆಗೆ ಅದರ ವರ್ಷದ ಖರ್ಚು ಮೊದಲೇ ತಿಳಿದಿರುತ್ತಿತ್ತು. ಇಂದು ಆ ಸ್ಥಾನದಲ್ಲಿ ಕಾರು ನಿಂತಿದೆ. 1983ರ ಡಿಸೆಂಬರ್ ತಿಂಗಳಲ್ಲಿ ಮಾರುತಿ 800 ರಸ್ತೆಗೆ ಇಳಿದ ಮೇಲೆ ಮಧ್ಯಮ ವರ್ಗದ ಗೃಹಸ್ಥರೂ ಕಾರಿನ ಕನಸು ಕಾಣುವಂತಾಯಿತು. ಕಾರು ಬಂತು, ಅದರ ಲೆಕ್ಕ ಬರೆಯುವ ರೂಢಿ ಮಾತ್ರ ಬರಲಿಲ್ಲ. ಕಿರಾಣಿಗೆ, ಮಕ್ಕಳ ಶುಲ್ಕಕ್ಕೆ, ಹಬ್ಬ ಹುಣ್ಣಿಮೆಗೆ ಹಣ ತೆಗೆದಿರಿಸುವ ಮನೆಗಳಲ್ಲಿಯೂ ಕಾರಿಗೆಂದರೆ ಪೆಟ್ರೋಲಿನ ಹಣವೊಂದೇ ನೆನಪಿನಲ್ಲಿರುತ್ತದೆ.

ಅನ್ಯರನ್ನೇಕೆ ಆಕ್ಷೇಪಿಸಬೇಕು? ನಾವೂ ಅಂಥವರೇ ಆಗಿದ್ದೆವು. 2009ರಲ್ಲಿ ಧಾರವಾಡದಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡೆವು. ಕೆಟ್ಟಾಗ ರಿಪೇರಿ, ಇಲ್ಲದಿದ್ದರೆ ಓಡಾಟ. ಹೀಗೆ ಹತ್ತು ವರ್ಷ ಕಳೆದವು. 2019ರ ಡಿಸೆಂಬರ್ ತಿಂಗಳ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಮಗ ಕೀಲಿ ತಿರುವಿದರೆ ಕಾರಿನಿಂದ ಟಕ್ ಎಂಬ ಸದ್ದಿನ ಹೊರತು ಬೇರೇನೂ ಬರಲಿಲ್ಲ. ಎದುರು ಮನೆಯವರು ಎದ್ದು ಬಂದು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರು. ಆದರೆ ಆ ಅರ್ಧ ಗಂಟೆಯ ತಳಮಳವನ್ನು ನಮ್ಮ ಮನೆಯವರು ಇಂದಿಗೂ ಮರೆತಿಲ್ಲ.

ಬೆಳಗಾಗುತ್ತಲೇ ಮಗ, "ಅಪ್ಪಾಜಿ, ಈ ಹಳೇ ಗಾಡಿ ಸಾಕ್ರಿ, ಹೊಸಾದು ತರೂಣು" ಎಂದ. ನಮ್ಮ ಮೆಕ್ಯಾನಿಕ್ ಬಂದು ನೋಡಿ, "ಗಾಡಿ ಛಲೋ ಐತ್ರಿ ಸರ, ಬ್ಯಾಟರಿ ಸತ್ತೈತಿ. ಐದು ವರ್ಷ ಆತಲ್ರಿ, ದೀಪಾವಳಿಗೇ ಹೇಳಿದ್ನಿ" ಎಂದರು. ಹೇಳಿದ್ದು ನಿಜ. ಬರುವ ತಿಂಗಳು ನೋಡೋಣವೆಂದು 4,500 ರೂಪಾಯಿಗಳನ್ನು ಮುಂದೂಡಿದವರು ನಾವೇ. ದೋಷವು ಕಾರಿನ ವಯಸ್ಸಿನಲ್ಲಿರದೆ ನಮ್ಮ ಲೆಕ್ಕದಲ್ಲಿತ್ತು.

ಅಂದೇ ಒಂದು ನೂರು ಪುಟದ ಪುಸ್ತಕವನ್ನು ತರಿಸಿ, ವಿದ್ಯಾರ್ಥಿ ದೆಸೆಯಲ್ಲಿ ಕಲಿತ ಕೀರ್ದಿಯ ಪದ್ಧತಿಯಂತೆ ಕಾರಿನ ಜಮಾ-ಖರ್ಚು ಬರೆಯತೊಡಗಿದೆವು. ಹಳೆಯ ರಸೀದಿಗಳನ್ನೆಲ್ಲ ಹುಡುಕಿ ಸೇರಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಆಕಸ್ಮಿಕವೆಂದು ನಾವು ಗೊಣಗಿದ ಖರ್ಚುಗಳಲ್ಲಿ ಬಹುಪಾಲು ಆಕಸ್ಮಿಕಗಳೇ ಅಲ್ಲ. ಬರುವ ವರ್ಷವನ್ನು ಮೊದಲೇ ತಿಳಿಸಿ ಬರುವಂಥವು. ನಾವು ವರ್ಷಕ್ಕೆ ಸುಮಾರು 8,000 ಕಿ.ಮೀ. ಓಡಾಡುವವರು. ಎಂಜಿನ್ ಆಯಿಲ್, ಫಿಲ್ಟರ್ ಬದಲಿಸುವ ವಾರ್ಷಿಕ ಸರ್ವೀಸಿಗೆ 6,000, ನಾಲ್ಕು ಟಯರುಗಳ 18,000 ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿದರೆ 3,600, ಬ್ಯಾಟರಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ 1,125, ವಿಮೆಗೆ 6,000, ಬ್ರೇಕ್, ಕ್ಲಚ್, ಸಸ್ಪೆನ್ಶನ್ ಮುಂತಾದ ಸವೆಯುವ ಭಾಗಗಳಿಗೆ 8,000, ಹೊಗೆ ತಪಾಸಣೆ, ಪಂಕ್ಚರ್, ನಿಜವಾದ ಆಕಸ್ಮಿಕ ಇವೆಲ್ಲಕ್ಕೆ ಉಳಿದದ್ದು. ಒಟ್ಟು 30,000, ಅಂದರೆ ತಿಂಗಳಿಗೆ 2,500 ರೂಪಾಯಿ. ಇದು ನಮ್ಮ ಮನೆಯ ಲೆಕ್ಕ. ಓದುಗ ಬಂಧುಗಳ ಲೆಕ್ಕ ಅವರವರ ಕಾರು, ಓಡಾಟಗಳಿಗೆ ತಕ್ಕಂತೆ ಬೇರೆಯಾದೀತು. ಈ ಹಣವನ್ನು ಬೇರೊಂದು ಬ್ಯಾಂಕ್ ಖಾತೆಯಲ್ಲಿ ಇಡುತ್ತ ಬಂದೆವು. ಮನೆಯ ಡಬ್ಬಿಯಲ್ಲಿ ಇಟ್ಟಿದ್ದರೆ ಎರಡನೆಯ ತಿಂಗಳಿಗೇ ಅದು ಯಾರದೋ ಮದುವೆಯ ಆಯೇರಿಗೆ ಸಲ್ಲುತ್ತಿತ್ತು!

ಟಯರಿನ ವಿಷಯದಲ್ಲಿ ಒಂದು ಮಾತು. ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಕಡಿಮೆ ಓಡಿದ ಕಾರಿನ ಟಯರು ನೋಡಲು ಹೊಸದರಂತಿದ್ದರೂ ರಬ್ಬರು ವಯಸ್ಸಿನಿಂದಲೇ ಬಿರುಸಾಗಿ ಬಿರುಕು ಬಿಟ್ಟಿರುತ್ತದೆ. ಕಚ್ಚುಗಳ ಆಳ 1.6 ಮಿ.ಮೀ.ಗೆ ಇಳಿದರಂತೂ ವಿಚಾರಿಸುತ್ತ ಕೂಡಬಾರದು. ಈಗ ಬಂಕುಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ದೊರೆಯುತ್ತಿರುವುದರಿಂದ ಹಳೆಯ ಕಾರುಗಳ ಇಂಧನ ಸಾಗಿಸುವ ರಬ್ಬರ್ ಕೊಳವೆಗಳನ್ನೂ ಸರ್ವೀಸಿನಲ್ಲಿ ತಪ್ಪದೆ ನೋಡಿಸಬೇಕು.

ಇನ್ನು ಕಾರನ್ನು ಬದಲಿಸುವುದು ಯಾವಾಗ ಎಂಬ ಪ್ರಶ್ನೆ. ರಿಪೇರಿಯ ಖರ್ಚು ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾದರೆ ಮಾರಿಬಿಡಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಮಗೆ ಇದು ಸರಿಯೆನಿಸುವುದಿಲ್ಲ. 2021ರಲ್ಲಿ ನಮ್ಮ ಕಾರಿಗೆ ಕ್ಲಚ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಲು 38,000 ರೂಪಾಯಿ ತಗಲಿತು. ಆಗ ಕಾರಿಗೆ ಬರಬಹುದಾಗಿದ್ದ ಬೆಲೆ 75,000. ಮಗ ಮತ್ತೊಮ್ಮೆ ಹೊಸ ಕಾರಿನ ಮಾತೆತ್ತಿದ. "ಕೂಡು, ಹೊಸಾದರ ಲೆಕ್ಕಾನೂ ಬರೆಯೋಣು" ಎಂದು ಪುಸ್ತಕದ ಇನ್ನೊಂದು ಪುಟ ತೆರೆದೆವು.

ಏಳು ಲಕ್ಷದ ಕಾರಿಗೆ ಐದು ಲಕ್ಷ ಸಾಲವನ್ನು ಶೇ. 9ರ ಬಡ್ಡಿಯಂತೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 10,380 ರೂಪಾಯಿ; ಬಡ್ಡಿಯೇ ಒಟ್ಟು 1,23,000ದಷ್ಟು. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚೊಂದಿದೆ, ಅದೇ ಸವಕಳಿ. ವಿಮಾ ಕಂಪನಿಗಳು ಕಾರಿನ ಮೌಲ್ಯವನ್ನು ಎರಡನೆಯ ವರ್ಷದಲ್ಲಿ ಶೇ. 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50ರಷ್ಟು ಇಳಿಸಿ ಹಿಡಿಯುತ್ತವೆ. ಅಂದರೆ ಏಳು ಲಕ್ಷದಲ್ಲಿ ಮೂರೂವರೆ ಲಕ್ಷ ಐದು ವರ್ಷಗಳಲ್ಲಿ ಕರಗುತ್ತದೆ, ವರ್ಷಕ್ಕೆ 70,000. ಇದಕ್ಕೆ ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಡ್ಡಿ ಸೇರಿದರೆ ವರ್ಷಕ್ಕೆ ಹತ್ತಿರ ಹತ್ತಿರ 95,000. ಹೊಸ ಕಾರಿನ ವಿಮೆ, ಸರ್ವೀಸು ಬೇರೆ. ಹಳೆಯ ಕಾರಿಗೆ ಆ ದುಬಾರಿ ವರ್ಷದಲ್ಲಿಯೂ ತಗುಲಿದ್ದು 68,000 ಮಾತ್ರ. ರಿಪೇರಿಯನ್ನು ಹಳೆಯ ಕಾರಿನ ಮಾರಾಟದ ಬೆಲೆಯೊಡನೆ ಹೋಲಿಸಬಾರದು. ಮುಂದಿನ ವರ್ಷಗಳಲ್ಲಿ ಹೊಸ ಕಾರು ಕೇಳುವ ಖರ್ಚಿನೊಡನೆ ಹೋಲಿಸಬೇಕು. ಮಗ ಪುಟವನ್ನು ಎರಡು ಸಲ ಓದಿ ಸುಮ್ಮನಾದ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಮೊದಲು 600 ರೂಪಾಯಿ ಇದ್ದ ಈ ಶುಲ್ಕವು 2022ರ ಏಪ್ರಿಲ್‌ನಿಂದ 5,000 ಆಯಿತು. 2024ರಲ್ಲಿ ಅದನ್ನೂ ಕಟ್ಟಿ ನವೀಕರಿಸಿದೆವು. ಖಾತೆಯಲ್ಲಿ ಹಣವಿದ್ದುದರಿಂದ ಭಾರವೆನಿಸಲಿಲ್ಲ.

ಆದರೆ ಕೀರ್ದಿ ಹೇಳದ ಸಂಗತಿಯೂ ಉಂಟು. 2025ರ ಮಳೆಗಾಲದಲ್ಲಿ ಹಿಂದಿನ ಸೀಟಿನ ಕೆಳಗೆ ನೀರು ಜಿನುಗತೊಡಗಿತು. ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ, ಕೆಳಗಿನಿಂದ ಬ್ಯಾಟರಿ ದೀಪ ಹಿಡಿದು ನಮ್ಮನ್ನು ಕರೆದರು. ಸಸ್ಪೆನ್ಶನ್ ಕೂಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದಂತೆ ಮುರಿಯಿತು. "ಬಾಗಿಲಿಗೆ ತುಕ್ಕು ಹಿಡದ್ರ ವೆಲ್ಡಿಂಗ್ ಮಾಡಬಹುದ್ರಿ ಸರ, ಇಲ್ಲಿ ಮಾಡಿ ಕೊಟ್ಟು ನಿಮ್ಮನ್ನ ಹೈವೇಕ್ಕ ಕಳಸಾಕ ನನಗ ಧೈರ್ಯ ಇಲ್ರಿ" ಎಂದರು. ಅದೂ ಅಲ್ಲದೆ ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಎಬಿಎಸ್ ಬ್ರೇಕೂ ಇರಲಿಲ್ಲ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈನಿಂದ. ಐದು ವರ್ಷದ ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕೂಡುವ ಕಾರು ಅದು. ಆ ದಿನ ಲೆಕ್ಕದ ಪುಸ್ತಕವನ್ನು ನಾವು ತೆರೆಯಲೇ ಇಲ್ಲ.

ಹಳೆಯ ಕಾರನ್ನು ಬೀಗರು ತಮ್ಮ ಹಳ್ಳಿಯ ಓಡಾಟಕ್ಕೆಂದು 60,000 ರೂಪಾಯಿಗೆ ಕೇಳಿದರು. ತಗಡಿನ ಸ್ಥಿತಿಯನ್ನು ವಿವರಿಸಿದರೂ, "ಹೊಲಕ್ಕ ಹೋಗಿ ಬರಾಕ ಸಾಕ್ರಿ" ಎಂದು ಪಟ್ಟು ಹಿಡಿದರು. ನಮ್ಮ ಮೊಮ್ಮಗಳನ್ನು ಕೂಡಿಸಲಾಗದ ಕಾರಿನಲ್ಲಿ ಅವರ ಮೊಮ್ಮಕ್ಕಳನ್ನು ಕೂಡಿಸುವುದೆಂತು? ಅರ್ಧಕ್ಕಿಂತ ಕಡಿಮೆ ಹಣಕ್ಕೆ ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿದೆವು. ಬೀಗರಿಗೆ ಬೇಸರವಾಗಿದೆ; ಆ ಬಳಿಕ ನಮ್ಮ ಮನೆಗೆ ಬಂದಿಲ್ಲ. ಇಂಥ ಕೇಂದ್ರವು ಕೊಡುವ ಠೇವಣಿ ಪ್ರಮಾಣಪತ್ರವನ್ನು ತೋರಿಸಿ ಹೊಸ ಕಾರು ಕೊಂಡರೆ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಉಂಟು. ವಾಹನ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದೂ ಹೊಸದನ್ನು ಕೊಳ್ಳುವವರಿಗೆ ಅನುಕೂಲವೇ.

ನಾವು ಮಾತ್ರ ಮೂರು ವರ್ಷ ಓಡಿದ, ಎರಡು ಏರ್‌ಬ್ಯಾಗ್ ಇರುವ ಕಾರನ್ನು ಕೊಂಡೆವು. ಅದರ ಮೊದಲ ಸವಕಳಿಯನ್ನು ಹಿಂದಿನ ಮಾಲೀಕರೇ ಹೊತ್ತಿದ್ದರು. ಐದು ವರ್ಷ ಪರಿಹಾರ ಕೇಳದೆ ಗಳಿಸಿದ್ದ ಶೇ. 50ರ ನೋ ಕ್ಲೇಮ್ ಬೋನಸ್ ನಮ್ಮೊಡನೆಯೇ ಬಂತು. ಅದು ಕಾರಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ವಿಮೆ ಮುಗಿದು 90 ದಿನ ಮೀರಿದರೆ ಮಾತ್ರ ಅದು ಕೈತಪ್ಪುತ್ತದೆ. ಹಳೆಯ ಕಾರನ್ನು ಕೊಳ್ಳುವವರೂ ಮಾರುವವರೂ ನೋಂದಣಿ ಪತ್ರದ ಹೆಸರು ಬದಲಾವಣೆಯನ್ನು ಕಡೆಗಣಿಸಬಾರದು. ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕನಾಗಿ ಹೊಣೆ ಹೊರಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಕೈಬಿಟ್ಟ ಕಾರಿನ ಹೊಣೆ ಹೊತ್ತು ನ್ಯಾಯಾಲಯಕ್ಕೆ ಅಲೆಯುವ ಪ್ರಸಂಗ ಯಾರಿಗೂ ಬೇಡ. ನಮಗೆ ಮಾರಿದವರನ್ನು ಕರೆದುಕೊಂಡು ಹೋಗಿ, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿದ ಮೇಲೆಯೇ ಕೊನೆಯ ಕಂತಿನ ಹಣ ಕೊಟ್ಟೆವು.