ಘಾಟಿಯ ಬಿಸಿ, ಮಳೆಗಾಲದ ತುಕ್ಕು ಮತ್ತು ಹಿಂದಿನ ಬ್ರೇಕು

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ ಸೇರುವ ಹೊತ್ತಿಗೆ ಕಾರು ಸುಮಾರು 1,000 ಮೀಟರ್ ಕೆಳಗೆ ಬಂದಿರುತ್ತದೆ. ಕೂತವರೂ ಸೇರಿ 1,500 ಕಿಲೋ ತೂಗುವ ಕಾರಾದರೆ ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಒಂದೂವರೆ ಕೋಟಿ ಜೂಲ್‌ಗಳ ಆಸುಪಾಸು. ಬಚ್ಚಲಿನ ಹಂಡೆಯಲ್ಲಿ 45 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಶಾಖ ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಅದೇ ಕಾರನ್ನು ಒಮ್ಮೆ ನಿಲ್ಲಿಸುವಾಗ ಹುಟ್ಟುವ ಶಾಖದ 70 ಪಟ್ಟು ಇದು. ಗಾಳಿ, ಟಯರು, ಎಂಜಿನ್ ಇದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿನ ಪಾಲು.

ಪುತ್ತೂರು, ಸುಳ್ಯ, ಕಡಬ ಈ ಮೂರೂ ಘಟ್ಟದ ಬುಡದ ತಾಲೂಕುಗಳು. ಮೈಸೂರಿಗೆ ಸಂಪಾಜೆ, ಬೆಂಗಳೂರಿಗೆ ಗುಂಡ್ಯದ ಮೇಲಿನ ಶಿರಾಡಿ, ಸುಬ್ರಹ್ಮಣ್ಯದಿಂದ ಸಕಲೇಶಪುರದ ಕಡೆಗೆ ಬಿಸಿಲೆ: ಹೋದವರು ಇಳಿದೇ ಮನೆ ಸೇರಬೇಕು. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಬಿಸಿ ಮತ್ತು ತೇವ ಎರಡೂ ಬ್ರೇಕಿನ ಶತ್ರುಗಳೇ. ಆದರೆ ಮುಂದಿನ ಬ್ರೇಕನ್ನು ಹೆಚ್ಚಾಗಿ ಕಾಡುವುದು ಬಿಸಿ, ಹಿಂದಿನದನ್ನು ಕಾಡುವುದು ತೇವ.

ಕಡಿಮೆ ದುಡಿಯುವ ಚಕ್ರಕ್ಕೇ ಹೆಚ್ಚು ತುಕ್ಕು

ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುವುದನ್ನು ಎಲ್ಲರೂ ಗಮನಿಸಿರುತ್ತಾರೆ. ಭಾರ ಮುಂದಿನ ಚಕ್ರಗಳ ಮೇಲೆ ಸರಿಯುವುದೇ ಇದಕ್ಕೆ ಕಾರಣ. ನೆಲದ ಹಿಡಿತ ಹೆಚ್ಚಿರುವ ಕಡೆಯೇ ಬ್ರೇಕಿಗೂ ಕೆಲಸ ಹೆಚ್ಚು. ಹಾಗಾಗಿ ಸಾಮಾನ್ಯ ಕಾರುಗಳಲ್ಲಿ ಮೂರನೇ ಎರಡು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೆಲಸ ಮುಂದಿನ ಬ್ರೇಕುಗಳದ್ದು. ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳು ನಮ್ಮಲ್ಲಿ ಇಂದಿಗೂ ಬಹಳ ಇರುವುದಕ್ಕೆ ಇದೂ ಒಂದು ಕಾರಣ.

ಡಿಸ್ಕ್ ಬ್ರೇಕಿನ ಕಲ್ಪನೆ ಹೊಸದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. 1953ರ ಲ ಮಾನ್ಸ್ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಅದರ ಶಕ್ತಿ ಜಗತ್ತಿಗೆ ಮನವರಿಕೆಯಾಯಿತು. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ಆರುತ್ತದೆ. ಅದೇ ತೆರವಿನಿಂದ ನೀರು, ಕೆಸರು, ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳುಗಳೂ ಒಳಗೆ ಬರುತ್ತವೆ.

ಡಿಸ್ಕ್ ಮಾಡಿರುವುದು ಎರಕದ ಕಬ್ಬಿಣದಿಂದ. ಒಂದು ರಾತ್ರಿಯ ಮಳೆಗೇ ಅದರ ಮೇಲೆ ಕಿತ್ತಳೆ ಬಣ್ಣದ ಪದರ ಕಾಣಿಸುತ್ತದೆ. ಮುಂದಿನ ಚಕ್ರದಲ್ಲಿ ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಅದು ಉಜ್ಜಿ ಹೋಗುತ್ತದೆ. ಹಿಂದೆ ಒತ್ತಡ ಕಡಿಮೆಯಾದ್ದರಿಂದ ತುಕ್ಕು ಪೂರ್ತಿ ಹೋಗುವುದಿಲ್ಲ, ಅಂಚಿನಿಂದ ಒಳಕ್ಕೆ ಹಬ್ಬುತ್ತದೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಪಿನ್ನುಗಳ ರಬ್ಬರ್ ಹರಿದರೆ ನೀರು ಒಳಹೊಕ್ಕು ಪಿನ್ನು ಬಿಗಿಯುತ್ತದೆ. ಆಗ ಪಿಸ್ಟನ್ ಕಡೆಯ ಪ್ಯಾಡ್ ಮಾತ್ರ ಒತ್ತಿ ಸವೆಯುತ್ತದೆ, ಹೊರಗಿನದು ಹಾಗೇ ಉಳಿಯುತ್ತದೆ. ಹೊರಗಿನಿಂದ ಇಣುಕಿದವರಿಗೆ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ಇನ್ನು ಹ್ಯಾಂಡ್‌ಬ್ರೇಕಿನ ಲಿವರ್ ತುಕ್ಕು ಹಿಡಿದರೆ ಬ್ರೇಕ್ ಬಿಟ್ಟರೂ ಪೂರ್ತಿ ಬಿಡುವುದಿಲ್ಲ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಹಿಂದಿನ ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅನುಮಾನಿಸಬೇಕಾದದ್ದು ಇದನ್ನೇ.

ಮನೆಯ ಅಂಗಳದಲ್ಲಿ

ನಟ್ಟು ಬೋಲ್ಟು ಬಿಚ್ಚಿ ಅನುಭವವಿದ್ದವರು ಹಿಂದಿನ ಡಿಸ್ಕ್ ಮತ್ತು ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಾಯಿಸಬಹುದು. ಆದರೆ ಪ್ರತಿ ಹೆಜ್ಜೆಯ ಕಾರಣ ಗೊತ್ತಿರಬೇಕು.

ಮೊದಲು ಜಾಗ. ಇಳಿಜಾರಾಗಲಿ ನೆನೆದ ಕೆಂಪು ಮಣ್ಣಾಗಲಿ ಬೇಡ, ಸಿಮೆಂಟಿನ ಸಮತಟ್ಟು ನೆಲವೇ ಬೇಕು. ಹಿಂದಿನ ಬ್ರೇಕ್ ಬಿಚ್ಚಲು ಹ್ಯಾಂಡ್‌ಬ್ರೇಕ್ ಸಡಿಲಿಸಲೇಬೇಕು, ಅಂದರೆ ಕಾರನ್ನು ಹಿಡಿದಿಡುವ ಮುಖ್ಯ ಆಸರೆಯೇ ಹೋಯಿತು. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಗೇರಿನಲ್ಲಿ ನಿಲ್ಲಿಸಬೇಕು. ಜಾಕಿ ಎತ್ತುವುದಕ್ಕಷ್ಟೇ. ಎತ್ತಿದ ಕಾರು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಬೇಕು.

ಚಕ್ರ ಕಳಚಿ, ಹಿಂಬದಿಯ ಎರಡು ಬೋಲ್ಟು ಬಿಚ್ಚಿದರೆ ಕ್ಯಾಲಿಪರ್ ಹೊರಬರುತ್ತದೆ. ಅದನ್ನು ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡಬಾರದು, ಹೋಸಿನ ಒಳಪದರ ಹರಿಯಬಹುದು. ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿಡಬೇಕು. ಪ್ಯಾಡಿನ ಧೂಳನ್ನು ಊದಬೇಡಿ, ಒಣ ಬ್ರಷ್ಷಿನಿಂದ ಗುಡಿಸಲೂಬೇಡಿ. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು, ಇಲ್ಲದಿದ್ದರೂ ಆ ಧೂಳು ಉಸಿರಿಗೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ.

ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ಬಿನ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ಕೂದಲೆಳೆಯಷ್ಟು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ, ದಿನ ಕಳೆದಂತೆ ಪೆಡಲಿನಲ್ಲಿ ನಡುಕ ಶುರುವಾಗುತ್ತದೆ. ತುಕ್ಕು ತಡೆಯಲು ಹೊಸ ಡಿಸ್ಕಿಗೆ ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಪಿನ್ನುಗಳಿಗೆ ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಹಚ್ಚಿ. ಪ್ಯಾಡಿನ ಮುಖಕ್ಕೆ ಅದು ಒಂದು ಹನಿಯೂ ತಾಗಬಾರದು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹೊಸ ಪ್ಯಾಡ್ ದಪ್ಪಗಿರುವುದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಮುಂದಿನ ಕ್ಯಾಲಿಪರ್‌ನಲ್ಲಿ ಕ್ಲ್ಯಾಂಪಿನಿಂದ ನೇರವಾಗಿ ಒತ್ತಿದರೆ ಸಾಕು. ಅನೇಕ ಕಾರುಗಳ ಹಿಂದಿನ ಕ್ಯಾಲಿಪರ್‌ನ ಪಿಸ್ಟನ್ ಒಳಗೆ ಹ್ಯಾಂಡ್‌ಬ್ರೇಕಿಗಾಗಿ ಒಂದು ತಿರುಪು ಇರುತ್ತದೆ. ಪ್ಯಾಡ್ ಸವೆದಂತೆಲ್ಲ ಅದು ತಾನಾಗಿ ತಿರುಗಿ ಅಂತರ ಸರಿದೂಗಿಸುತ್ತದೆ. ಇಂಥ ಪಿಸ್ಟನ್ನನ್ನು ಬಲವಂತವಾಗಿ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ತಕ್ಕ ಉಪಕರಣದಿಂದ ಒತ್ತುತ್ತಲೇ ತಿರುಗಿಸಬೇಕು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಪಿಸ್ಟನ್ ಹಿಂದೆ ಸರಿದಂತೆ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಅದು ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಒಂದೇ ಬದಿ ಬದಲಾಯಿಸಿದರೆ ಕಾರು ಒಂದು ಕಡೆಗೆ ಎಳೆಯಬಹುದು, ಆದ್ದರಿಂದ ಎಡ ಬಲ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ಸ್ಪ್ಯಾನರ್‌ನಿಂದಲೇ ಬಿಗಿಯಿರಿ. ಕಾರು ಕದಲುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಿರಿ. ಇದನ್ನು ಮರೆತರೆ ಮೊದಲ ಬಾರಿ ಒತ್ತಿದಾಗ ಪೆಡಲ್ ನೆಲ ಮುಟ್ಟೀತು. ಹೊಸ ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರಲು ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ ಹಲವು ಬಾರಿ ಮೆಲ್ಲಗೆ ವೇಗ ತಗ್ಗಿಸಿ, ನಡುವೆ ಆರಲು ಬಿಡಿ. ಅಷ್ಟಾಗುವ ತನಕ ಘಾಟಿ ಹತ್ತಬೇಡಿ.

ಆಯಿಲ್ ಒಸರುತ್ತಿದ್ದರೆ, ಪಿಸ್ಟನ್ ಕಚ್ಚಿಕೊಂಡಿದ್ದರೆ, ಹೋಸ್ ಬಿಚ್ಚಬೇಕಾಗಿ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಅವರನ್ನು ಕರೆಯಿರಿ.

ಆಯಿಲ್ ಕುಡಿದ ನೀರು

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಬಿಸಿಗೆ ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಕರಾವಳಿಯ ಈ ತೇವದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸುವುದು ಲೇಸು. ಇಳಿಯುವಾಗ ಸಣ್ಣ ಗೇರಿನಲ್ಲಿದ್ದರೆ ಶಾಖದ ದೊಡ್ಡ ಪಾಲನ್ನು ಎಂಜಿನ್ನೇ ಹೊರುತ್ತದೆ.

ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವ ಕಾರನ್ನು ಸಮತಟ್ಟಿನಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ ಬಿಡಿ, ಪ್ಯಾಡ್ ಡಿಸ್ಕಿಗೆ ಕಚ್ಚುವುದಿಲ್ಲ. ಮಳೆ ಹಿಂತೆಗೆದ ಮೇಲೆ ಹಿಂದಿನ ಚಕ್ರ ಬಿಚ್ಚಿ, ಎರಡೂ ಪ್ಯಾಡ್‌ಗಳ ದಪ್ಪ, ಪಿನ್ನುಗಳ ಜಾರುವಿಕೆ, ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪ ಇವನ್ನು ನೋಡಿ. ನೀವೇ ನೋಡಿದರೂ ಸರಿ, ಗ್ಯಾರೇಜಿನಲ್ಲಿ ನೋಡಿಸಿದರೂ ಸರಿ. ಘಟ್ಟದ ಬುಡದಲ್ಲಿ ಬದುಕುವವರಿಗೆ ಪ್ರತಿ ವರ್ಷದ ಈ ಒಂದು ಗಂಟೆ ಉಳಿದೆಲ್ಲ ರಿಪೇರಿಗಿಂತ ಮುಖ್ಯ.