ಮೈಭಾರ ಬಲ್ಲವರ ಕುಣಿತ

ರಾಯಚೂರು ಜಿಲ್ಲೆಯ ದಢೇಸುಗೂರಿನ ಸುತ್ತ ಗದ್ದೆಗೆ ನೀರು ಬಂತೆಂದರೆ ನೆಲ್ಲಿನ ಸಸಿ ಹಚ್ಚುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ಸೊಂಟ ಬಾಗಿದೆ, ಕೈ ಆಡುತ್ತಲೇ ಇದೆ. ಕೆಸರಿನಿಂದ ಒಂದು ಕಾಲು ಕಿತ್ತು ಹಿಂದಕ್ಕಿಡುವಷ್ಟರಲ್ಲಿ ಇಡೀ ಮೈಭಾರ ಇನ್ನೊಂದು ಕಾಲಿಗೆ ಜಾರುತ್ತದೆ. ಸಮಕಾಲೀನ ನೃತ್ಯ ಕಲಿಯುವವರು ಮೊದಲು ಅರಿಯಬೇಕಾದದ್ದು ಈ ಮೈಭಾರವನ್ನೇ.

ಮನಸ್ಸಿಗೆ ಬಂದಂತೆ ಕುಣಿಯುವುದೇ ಸಮಕಾಲೀನ ನೃತ್ಯ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಇಲ್ಲಿ ಕಥೆ, ಮುದ್ರೆ, ಆಭರಣ ಕಡ್ಡಾಯವಿಲ್ಲ ನಿಜ. ಆದರೆ ಶಿಸ್ತು ಕಡಿಮೆಯೇನಿಲ್ಲ. ಬೀಳುವುದು, ಉರುಳುವುದು, ಜೊತೆಗಾರರ ಭಾರ ಹೊರುವುದು, ಸುಮ್ಮನೆ ನಿಲ್ಲುವುದು ಎಲ್ಲಕ್ಕೂ ಸಾಧನೆ ಬೇಕು. ಅಮೆರಿಕದ ಇಸಡೋರಾ ಡಂಕನ್ ಬರಿಗಾಲಲ್ಲಿ ಕುಣಿದು ಬ್ಯಾಲೆಯ ಕಟ್ಟು ಸಡಿಲಿಸಿದರು. ಮಾರ್ತಾ ಗ್ರಹಾಂ ಉಸಿರಿನೊಂದಿಗೆ ಮುಂಡ ಕುಗ್ಗಿ ಹಿಗ್ಗುವುದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು. ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ ‘ಅಂಗಿಕ’ ಕೃತಿಯಲ್ಲಿ ಭರತನಾಟ್ಯದ ಜೊತೆ ಕೇರಳದ ಸಮರಕಲೆ ಕಳರಿಪಯಟ್ಟನ್ನು ತಂದರು.

ಕರ್ನಾಟಕದಲ್ಲಿ ಸಮಕಾಲೀನ ನೃತ್ಯದ ನೆಲೆ ಬೆಂಗಳೂರು. ಜಯಚಂದ್ರನ್ ಪಾಲಾಳಿ ಅವರ ಅಟ್ಟಕ್ಕಳರಿ ನೃತ್ಯ ಸಂಸ್ಥೆ 1992ರಲ್ಲಿ ಹುಟ್ಟಿತು. ಕಥಕ್ ಗುರು ಮಾಯಾ ರಾವ್ ಅವರ ಮಗಳು ಮಧು ನಟರಾಜ್ 1995ರಲ್ಲಿ ಸ್ಟೆಮ್ ತಂಡ ಕಟ್ಟಿದರು. 2000ದಲ್ಲಿ ಮಯೂರಿ ಉಪಾಧ್ಯ ಅವರ ನೃತರುತ್ಯ ತಂಡ ಶುರುವಾಯಿತು. ಕಲಾವಿದರು ಗುರು ಕಲಿಸಿದ್ದನ್ನು ಒಪ್ಪಿಸುವುದರ ಜೊತೆಗೆ ತಾವೇ ಚಲನೆ ಹುಡುಕುವುದು ಈ ಪ್ರಕಾರದ ಜೀವಾಳ.

ನಮ್ಮ ಸೀಮೆಗೆ ಈ ಹುಡುಕಾಟ ಪರಕೀಯವಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂನಲ್ಲಿ ಹಿಂದೂ, ಮುಸ್ಲಿಮರು ಒಂದಾಗಿ ಸೇರುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಲಗೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುವವರ ಮೊಣಕಾಲು ತುಸು ಮಡಿಚಿರುತ್ತದೆ, ಪಾದ ನೆಲ ಬಿಡದೆ ಒತ್ತುತ್ತದೆ, ಸಾಲೆಲ್ಲ ಒಂದೇ ಉಸಿರಿಗೆ ತಿರುಗುತ್ತದೆ. ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಸುತ್ತುಕುಣಿತದಲ್ಲೂ ಈ ನೆಲದ ನಂಟಿದೆ.

ಆದ್ದರಿಂದ ಸಮಕಾಲೀನ ನೃತ್ಯದ ಶಿಬಿರಗಳು ಸಿಂಧನೂರು, ಮಸ್ಕಿಯ ಕಾಲೇಜುಗಳಿಗೂ ಬರಬೇಕು. ಬಂದಾಗ ಅಲಾಯಿ ಹೆಜ್ಜೆಯ ಹಿರಿಯರನ್ನು ಮೆರವಣಿಗೆಯ ಅಲಂಕಾರಕ್ಕೆ ಕರೆಯದೆ, ಗುರುಗಳ ಸಾಲಿನಲ್ಲಿ ಕೂರಿಸಿ ಗೌರವಧನ ಕೊಡಬೇಕು. ಅವರ ಹೆಜ್ಜೆಯನ್ನು ಎತ್ತಿಕೊಂಡು ಹೆಸರು ಮರೆಯುವ ಹೊಸತನ ನಮಗೆ ಬೇಡ. ಈ ಸೀಮೆಯ ಯುವಕ ಯುವತಿಯರು ತಮ್ಮ ದುಡಿಮೆಯನ್ನು, ಗುಳೆ ಹೋದವರ ದಣಿವನ್ನು, ಹಬ್ಬದ ಹುರುಪನ್ನು ತಮ್ಮದೇ ಮೈಯಲ್ಲಿ ಹೇಳುವಂತಾದರೆ ಕನ್ನಡದ ಸಮಕಾಲೀನ ನೃತ್ಯಕ್ಕೆ ಹೊಸ ಕಸುವು ಬರುತ್ತದೆ.