ಅಪ್ಪನ ಜಾವಾ ಬೈಕು

ಕೆಲವರ ಮನೆ ಹಿತ್ತಲಲ್ಲಿ ಹಳೆಯ ಜಾವಾ ಬೈಕು ತುಕ್ಕು ಹಿಡಿದು ನಿಂತಿರುತ್ತದೆ. ಅಪ್ಪ ಓಡಿಸಿದ ಗಾಡಿ ಅದು. ಅಪ್ಪ ಈಗ ಇಲ್ಲ. ಗಾಡಿಯನ್ನು ಗುಜರಿಗೆ ಹಾಕೋದಾ? ನೆನಪಿಗೆ ಇಟ್ಟುಕೊಳ್ಳೋದಾ?

ಜಾವಾ ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮುಂದೆ ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳನ್ನು ಜೋಪಾನ ಮಾಡಿದವರು ಇಂದೂ ಇದ್ದಾರೆ.

ಹಳೆ ಗಾಡಿಯನ್ನು ಮತ್ತೆ ಓಡುವ ಹಾಗೆ ಮಾಡಬಹುದು. ಮೊದಲು ಎಂಜಿನ್ ಬಿಚ್ಚಿಸಬೇಕು. ಸವೆದ ಪಿಸ್ಟನ್, ಬೇರಿಂಗ್ ಬದಲಿಸಬೇಕು. ಟ್ಯಾಂಕಿನ ತುಕ್ಕು ತೆಗೆಸಬೇಕು. ವೈರು, ಟಯರು, ಬ್ರೇಕು ಸರಿ ಇರಬೇಕು. ಈ ಗಾಡಿಯ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಇಲ್ಲದಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

ಗಾಡಿಯ ರೂಪವನ್ನೇ ಮನಸ್ಸಿಗೆ ಬಂದಂತೆ ಬದಲಿಸಲು ಕಾನೂನು ಬಿಡೋದಿಲ್ಲ. ಎಂಜಿನ್ ನಂಬರು, ಚಾಸಿ ನಂಬರು ಅಳಿಸಬಾರದು. ನಂಬರ್ ಪ್ಲೇಟಿನಲ್ಲಿ 'ಅಪ್ಪನ ಆಶೀರ್ವಾದ' ಅಂತ ಬರೆಸಬಾರದು.

ಇನ್ನು ಕಾಗದಪತ್ರ. ಆರ್.ಸಿ. ಅಪ್ಪನ ಹೆಸರಿನಲ್ಲೇ ಇರುತ್ತದೆ. ಅಪ್ಪ ತೀರಿಕೊಂಡ 3 ತಿಂಗಳೊಳಗೆ ವಾರಸುದಾರರು ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಡಬೇಕು. ಜೊತೆಗೆ ಮರಣ ಪ್ರಮಾಣಪತ್ರ ಇಡಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಮತ್ತೆ ಮಾಡಿಸಬೇಕು. ಆಮೇಲೆಯೇ ರಸ್ತೆಗೆ ಇಳಿಸಬೇಕು.

"ಗಾಡಿ ಗಂಡುಮಕ್ಕಳಿಗೆ, ನೀನು ಇಲ್ಲಿ ಸಹಿ ಹಾಕಮ್ಮ" ಅನ್ನುವವರು ಇರುತ್ತಾರೆ. ಅಕ್ಕಂದಿರೇ, ಮಗಳೂ ವಾರಸುದಾರಳೇ. ಈಗ ನಮಗೆ ಓದು ಬರುತ್ತದೆ. ಕಾಗದವನ್ನು ಪೂರ್ತಿ ಓದೋಣ. ಒಪ್ಪಿಗೆಯಾದರೆ ಮಾತ್ರ ಸಹಿ ಹಾಕೋಣ.